ಸತ್ತ ಟೈಮ್ ಎಷ್ಟು, ಡಾಕ್ಟ್ರೇ?

ಮಾಟುಂಗದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ ನೋಡಿ ಹೊರಗೆ ಬಂದು ಕಾಫಿ ಕುಡಿಯುತ್ತಾ ನಿಂತಿದ್ದೆ. ಪರಿಚಯದ ಹಿರಿಯರೊಬ್ಬರು ಹತ್ತಿರ ಬಂದರು. ‘ನೀವು ಪೋಸ್ಟ್‌ಮಾರ್ಟಂ ಡಾಕ್ಟರ್ ಅಲ್ವಾ? ನಿನ್ನೆ ಒಂದು ಸೀರೀಸ್ ನೋಡಿದೆ. ಡಾಕ್ಟರಮ್ಮ ಹೆಣದ ಹತ್ರ ಬಗ್ಗಿದಳು, ರಾತ್ರಿ ಹನ್ನೊಂದು ನಲವತ್ತಕ್ಕೆ ಸತ್ತಿದ್ದಾನೆ ಅಂದಳು. ನೀವೂ ಹಂಗೇ ಹೇಳ್ತೀರಾ?’

‘ಇಲ್ಲ ಸಾರ್. ರಾತ್ರಿ ಊಟ ಆದಮೇಲಿಂದ ಬೆಳಗಿನ ಹಾಲು ಬರೋದ್ರೊಳಗೆ ಅಂತೀನಿ’ ಎಂದೆ. ಅವರ ಮುಖ ನೋಡಿದರೆ ನನ್ನ ಡಿಗ್ರಿ ಮೇಲೇ ಅನುಮಾನ ಬಂದಂತಿತ್ತು.

ಇಪ್ಪತ್ತು ವರ್ಷದಿಂದ ಮುಂಬೈಯಲ್ಲಿ ಇದೇ ಕೆಲಸ. ಮನೆಗೆ ಬಂದ ಮೇಲೂ ಕ್ರೈಮ್ ಸೀರೀಸೇ ನೋಡುತ್ತೇನೆ. ರಜೆ ಸಿಕ್ಕಿದ ಅಡುಗೆಭಟ್ಟ ಹೋಟೆಲಿಗೆ ಹೋಗಿ ಸಾಂಬಾರ್ ರುಚಿ ನೋಡಿದ ಹಾಗೆ. ಒಂದು ಸೀರೀಸ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೆ ನನ್ನದು ಒಂದೇ ಅಳತೆ. ಅದರಲ್ಲಿ ಬರುವ ಡಾಕ್ಟರ್ ‘ಈಗಲೇ ಹೇಳೋಕೆ ಆಗಲ್ಲ’ ಅನ್ನುತ್ತಾನಾ? ಹಾಗೆ ಅಂದರೆ ಕೂತು ನೋಡುತ್ತೇನೆ. ಗಡಿಯಾರ ನೋಡಿದವನ ಹಾಗೆ ಟೈಮ್ ಹೇಳಿದರೆ ಎದ್ದು ಹೋಗಿ ತಟ್ಟೆ ತೊಳೆಯುತ್ತೇನೆ.

ಸತ್ತ ಮೇಲೆ ಮೈ ತಣ್ಣಗಾಗುತ್ತೆ, ಆ ಲೆಕ್ಕದಿಂದ ಟೈಮ್ ಹಿಡಿಯಬಹುದು ಅನ್ನುವುದು ನಿಜ. ಆದರೆ ಆ ಲೆಕ್ಕದ ಸೂತ್ರಗಳು ಬಹುಪಾಲು ಯುರೋಪಿನ ಚಳಿ ದೇಶಗಳಲ್ಲಿ ಹುಟ್ಟಿದವು. ಅಲ್ಲಿ ಕೋಣೆ 15 ಡಿಗ್ರಿ ಇದ್ದರೆ ಮೈ 37ರಿಂದ ಇಳಿಯುವುದಕ್ಕೆ ಜಾಗ ಇದೆ. ಮೇ ತಿಂಗಳ ಮುಂಬೈಯಲ್ಲಿ ಹೊರಗೇ 33, 34 ಡಿಗ್ರಿ. ಇಳಿಯುವುದು ಮೂರು ನಾಲ್ಕು ಡಿಗ್ರಿ. ಅಷ್ಟರಲ್ಲಿ ಏನು ಲೆಕ್ಕ ಹಾಕೋದು? ಹಾಗಾಗಿ ನಾವು ಮೈ ಸೆಟೆದುಕೊಂಡಿರುವುದನ್ನು ನೋಡುತ್ತೇವೆ. ರೆಪ್ಪೆ, ದವಡೆ, ಕತ್ತು, ಆಮೇಲೆ ಕೈಕಾಲು, ಹೀಗೆ ಮೇಲಿಂದ ಕೆಳಗೆ ಬರುತ್ತದೆ. ನಮ್ಮ ಸೆಕೆಯಲ್ಲಿ ಒಂದೆರಡು ಗಂಟೆಗೇ ಶುರುವಾಗಿ, ಬೇಗನೆ ಬಿಟ್ಟೂ ಹೋಗುತ್ತದೆ. ರಕ್ತ ಕೆಳಭಾಗಕ್ಕೆ ಇಳಿದು ಮಾಡುವ ಕಲೆ ನೋಡುತ್ತೇವೆ. ಅಂಗಾತ ಬಿದ್ದವನ ಎದೆಯ ಮೇಲೆ ಆ ಕಲೆ ಇದ್ದರೆ, ಯಾರೋ ಆಮೇಲೆ ತಿರುಗಿಸಿದ್ದಾರೆ ಎಂದು ಅರ್ಥ. ಹೊಟ್ಟೆಯಲ್ಲಿರುವ ಅನ್ನವನ್ನು ನೋಡುತ್ತೇವೆ, ಆದರೆ ಅದನ್ನು ಜಾಸ್ತಿ ನಂಬುವುದಿಲ್ಲ. ಭಯವಾದರೆ ಜೀರ್ಣವೇ ನಿಂತುಬಿಡುತ್ತದೆ. ಇಷ್ಟೆಲ್ಲ ಕೂಡಿಸಿದರೂ ಬರುವ ಉತ್ತರ ‘ಇಷ್ಟರಿಂದ ಇಷ್ಟರೊಳಗೆ’.

ಒಂದು ಜುಲೈ ತಿಂಗಳು. ಒಬ್ಬರೇ ಇದ್ದ ಫ್ಲ್ಯಾಟ್, ಮಂಚದ ಮೇಲೆ ಹೆಣ, ಬಾಗಿಲು ಒಳಗಿಂದ ಹಾಕಿತ್ತು. ಪೊಲೀಸರು ಕರೆದಿದ್ದಕ್ಕೆ ಸ್ಥಳಕ್ಕೇ ಹೋಗಿದ್ದೆ. ಅದು ಅಪರೂಪ, ನಮ್ಮ ಹತ್ತಿರ ಸಾಮಾನ್ಯವಾಗಿ ಹೆಣವೇ ಬರುತ್ತದೆ. ಮಲಗುವ ಕೋಣೆಯಲ್ಲಿ ಎಸಿ 18ಕ್ಕೆ ಇಟ್ಟು ಓಡುತ್ತಾ ಇತ್ತು. ಮೈ ಇನ್ನೂ ಸೆಟೆದೇ ಇತ್ತು, ವಾಸನೆ ಅಷ್ಟಾಗಿ ಇರಲಿಲ್ಲ. ಒಂದು, ಒಂದೂವರೆ ದಿನ ಇರಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ಸಾತಾರಾ ಕಡೆಯ ಹವಾಲ್ದಾರರೊಬ್ಬರು ಅಡುಗೆಮನೆಯಿಂದ ಒಂದು ಒದ್ದೆ ಬಟ್ಟೆಯ ಗಂಟು ತೋರಿಸಿದರು. ಒಳಗೆ ಮಡಕೆ ಕಾಳು. ಮಿಸಳ್ ಅನ್ನೋ ಮರಾಠಿ ತಿಂಡಿಗೆ ಅಂತ ಮೊಳಕೆ ಕಟ್ಟಿಟ್ಟಿದ್ದು. ಮೊಳಕೆ ಬಟ್ಟೆ ತೂರಿ ಬೆರಳುದ್ದ ಹೊರಗೆ ಬಂದಿತ್ತು, ಹುಳಿ ವಾಸನೆ. ‘ಇದು ಮೂರು ದಿನದ್ದು ಸಾಹೇಬ್. ನಮ್ಮ ಮನೇಲಿ ದಿನಾ ಕಟ್ತಾರೆ’ ಎಂದರು. ಮೊಬೈಲ್ ದಾಖಲೆ ಬಂದಾಗ ಕಾಳಿನ ಲೆಕ್ಕವೇ ಸರಿ ಇತ್ತು. ಎಸಿಯ ತಂಪು ಹೆಣ ಬೇಗ ಕೆಡದ ಹಾಗೆ ಹಿಡಿದಿಟ್ಟು ನನಗೆ ಮೋಸ ಮಾಡಿತ್ತು. ಅಂದಹಾಗೆ ಅದು ಕೊಲೆ ಅಲ್ಲ, ಹಾರ್ಟ್ ಅಟ್ಯಾಕ್.

ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ, ಅಂದರೆ 2024ರ ಜುಲೈ 1ರಿಂದ, 7 ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೇ ಹೋಗಬೇಕು, ವಿಡಿಯೊ ಮಾಡಬೇಕು. ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಟೈಮ್ ಕೊಟ್ಟಿದ್ದಾರೆ. ಹೋದವರು ಅಡುಗೆಮನೆಗೂ ಇಣುಕಲಿ ಅನ್ನುವುದು ನನ್ನ ಆಸೆ.

ಈಗ ಸೀರೀಸ್ ವಿಷಯ. ‘ಸಿಐಡಿ’ ಬಗ್ಗೆ ನನಗೆ ಸಿಟ್ಟಿಲ್ಲ. 1998ರಲ್ಲಿ ಶುರುವಾಗಿ 2018ರ ತನಕ ಓಡಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಬಾಗಿಲು ಒದೆಯುವ ದಯಾ, ನಮ್ಮ ಉಡುಪಿ ಕಡೆ ಮೂಲದ ದಯಾನಂದ ಶೆಟ್ಟಿ. ಡಾಕ್ಟರ್ ಸಾಳುಂಕೆ ಟೆಸ್ಟ್‌ಟ್ಯೂಬ್ ಅಲ್ಲಾಡಿಸಿದರೆ ವಿಷ ಸಿಕ್ಕಿಬಿಡುತ್ತದೆ. ಬಯಲಾಟದಲ್ಲಿ ಭೀಮನ ಗದೆ ರಟ್ಟಿನದ್ದು ಎಂದು ಯಾರಾದರೂ ಜಗಳ ತೆಗೆಯುತ್ತಾರಾ? ಇದೂ ಹಾಗೇ.

ನನಗೆ ಕಿರಿಕಿರಿ ಆಗುವುದು ‘ನಿಜ ಜೀವನದ ಹಾಗೆ’ ಎಂದು ಹೇಳಿಕೊಂಡು ಬರುವವು. ಅವುಗಳಲ್ಲಿ ಶವಾಗಾರಕ್ಕೆ ಯಾವಾಗಲೂ ನೀಲಿ ಬೆಳಕು, ಯಾವಾಗಲೂ ರಾತ್ರಿ. ನಮಗೆ ಬೇಕಾದ್ದು ಹಗಲು. ಜಜ್ಜಿದ ಗಾಯದ ಬಣ್ಣ ಬಲ್ಬಿನ ಬೆಳಕಲ್ಲಿ ಸರಿಯಾಗಿ ಗೊತ್ತಾಗಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಎಂದಾಗಲೂ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಹೆಣ ಇವನ್ನೆಲ್ಲ ಹೊರಗಿಟ್ಟಿತು. ಕಾನೂನು ಸುವ್ಯವಸ್ಥೆಯ ಪ್ರಶ್ನೆ ಬಂದರೆ ಮಾತ್ರ ಬೇರೆ. ಅಂದರೆ ಸೀರೀಸ್‌ನವರಿಗೆ ಬೇಕಾದ ಹೆಣಗಳೇ ರಾತ್ರಿ ಮುಟ್ಟಬಾರದ ಹೆಣಗಳು!

‘ದಹಾಡ್’ ಮಾತ್ರ ನನ್ನನ್ನು ಹಿಡಿದು ಕೂರಿಸಿತು. 2023ರಲ್ಲಿ ಬಂದದ್ದು. ಕಥೆ ನಡೆಯುವುದು ರಾಜಸ್ಥಾನದಲ್ಲಿ, ಆದರೆ ಅದಕ್ಕೆ ಪ್ರೇರಣೆ ನಮ್ಮ ಕರಾವಳಿಯ ಸೈನೈಡ್ ಮೋಹನನ ಪ್ರಕರಣ. ಮದುವೆ ಆಗ್ತೀನಿ ಎಂದು ನಂಬಿಸಿ, ಗರ್ಭ ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಟ್ಟು, ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಕಳಿಸುತ್ತಿದ್ದ. ಆರೇಳು ವರ್ಷದಲ್ಲಿ 20 ಹೆಂಗಸರು. ಒಬ್ಬೊಬ್ಬಳದೂ ಬೇರೆ ಬೇರೆ ಊರಿನ ಠಾಣೆಯಲ್ಲಿ ಒಂದೊಂದು ಅಸಹಜ ಸಾವಿನ ಫೈಲ್. ಕರ್ನಾಟಕದಲ್ಲಿ ಅದನ್ನು ಯುಡಿಆರ್ ಅನ್ನುತ್ತಾರೆ, ಇಲ್ಲಿ ಮುಂಬೈಯಲ್ಲಿ ಎಡಿಆರ್. ಹೆಸರು ಬೇರೆ, ಕಪಾಟಿನ ಧೂಳು ಒಂದೇ. ಆ ಸೀರೀಸ್ ಹಿಡಿದದ್ದು ಈ ಧೂಳನ್ನು. ಸೈನೈಡಿನದು ಕಹಿ ಬಾದಾಮಿಯ ವಾಸನೆ ಅನ್ನುತ್ತಾರಲ್ಲ, ಅದು ಎಲ್ಲರ ಮೂಗಿಗೂ ಬರಲ್ಲ, ಹುಟ್ಟಿನಿಂದಲೇ ಕೆಲವರಿಗೆ ಗೊತ್ತಾಗುವುದಿಲ್ಲ. ನನಗೆ ಬರುತ್ತೆ. ನನ್ನ ಪಕ್ಕದ ಟೇಬಲ್‌ನ ಸಹೋದ್ಯೋಗಿಗೆ ಬರಲ್ಲ. ಅವತ್ತು ಡ್ಯೂಟಿಯಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಅನುಮಾನ ಹುಟ್ಟಬಹುದು, ಹುಟ್ಟದೆಯೂ ಇರಬಹುದು.

‘ಡೆಲ್ಲಿ ಕ್ರೈಮ್’ ಮೊದಲ ಸೀಸನ್, 2019ರದ್ದು, ಇಷ್ಟವಾಯಿತು. ನಿದ್ದೆಗೆಟ್ಟ ಪೊಲೀಸರ ಮುಖ ನಾನು ನೋಡುವ ಮುಖಗಳ ಹಾಗೇ ಇತ್ತು. ಇಂಗ್ಲೆಂಡಿನ ‘ಅಡೋಲೆಸೆನ್ಸ್’ 2025ರಲ್ಲಿ ಬಂತು. ನಾಲ್ಕೇ ಕಂತು, ಒಂದೊಂದು ಕಂತೂ ಒಂದೇ ಶಾಟ್. ಹದಿಮೂರರ ಹುಡುಗ ಕೊಲೆ ಮಾಡಿದ್ದು ಮೊದಲ ಕಂತಿಗೇ ಗೊತ್ತಾಗುತ್ತದೆ. ಅದಕ್ಕಿಂತ ಮುಂಚೆ ಠಾಣೆಯಲ್ಲಿ ಅವನ ರಕ್ತ ತೆಗೆಯುವುದು, ಹೆಸರು ಬರೆಯುವುದು, ವಕೀಲ ಬರುವ ತನಕ ಕಾಯುವುದು, ಎಲ್ಲ ತೋರಿಸುತ್ತಾರೆ. ನನ್ನ ಮಗಳಿಗೆ ಬೋರ್ ಆಯಿತು. ನಾನು ಮಾತ್ರ ಆ ನರ್ಸ್ ಕೈಯನ್ನೇ ನೋಡುತ್ತಾ ಕೂತಿದ್ದೆ.

ಯಾಕೆಂದರೆ ನಮ್ಮ ಕೇಸುಗಳು ಬೀಳುವುದು ಅಲ್ಲೇ, ಸಾಕ್ಷ್ಯ ಕೈ ಬದಲಾಗುವ ಜಾಗದಲ್ಲಿ. ವಿಷದ ಅನುಮಾನ ಇದ್ದರೆ ಹೊಟ್ಟೆ, ಕರುಳಿನ ತುಂಡು, ಲಿವರ್, ಕಿಡ್ನಿ ತೆಗೆದು ಬಾಟಲಿಗೆ ಹಾಕುತ್ತೇವೆ. ಕೆಡದಿರಲು ಉಪ್ಪುನೀರು. ಉಪ್ಪಿನಕಾಯಿಗೆ ಹಾಕುವ ಉಪ್ಪೇ, ಇನ್ನು ಕರಗಲ್ಲ ಅನ್ನುವಷ್ಟು ಹಾಕಿ ಕಲಸಿದ್ದು. ಆ ಉಪ್ಪುನೀರನ್ನೂ ಬೇರೆ ಬಾಟಲಿಯಲ್ಲಿ ಸ್ವಲ್ಪ ಕಳಿಸಬೇಕು, ವಿಷ ಅದರಲ್ಲೇ ಇತ್ತು ಎಂದು ನಾಳೆ ವಕೀಲರು ಹೇಳಬಾರದಲ್ಲ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಅರಗು ಕಾಯಿಸಿ ಮುದ್ರೆ ಒತ್ತಿ, ಮುದ್ರೆಯ ನಮೂನೆ ಕಾಗದದ ಮೇಲೂ ಇಟ್ಟು ಸಹಿ ಹಾಕಿಸಿಕೊಳ್ಳುತ್ತೇವೆ. ನಮ್ಮ ವರದಿಯಲ್ಲಿ ಸಾವಿನ ಕಾರಣದ ಜಾಗದಲ್ಲಿ ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದು ಬರೆಯುತ್ತೇವೆ. ಆಮೇಲೆ ಕಾಲಿನಾದ ಫೊರೆನ್ಸಿಕ್ ಲ್ಯಾಬಿನಿಂದ ಸಿಎ ರಿಪೋರ್ಟ್, ಅಂದರೆ ರಾಸಾಯನಿಕ ಪರೀಕ್ಷೆಯ ವರದಿ, ಬರುವ ತನಕ ಕಾಯುವುದು. ತಿಂಗಳುಗಟ್ಟಲೆ.

ಒಂದು ಮಳೆಗಾಲದ ಮಧ್ಯಾಹ್ನ ಹಾಗೆ ಮುದ್ರೆ ಒತ್ತಿ ಕೊಟ್ಟ ಮೇಲೆ ಕಿಟಕಿಯಿಂದ ನೋಡಿದೆ. ಪೇದೆ ಬಾಟಲಿಗಳ ಪೆಟ್ಟಿಗೆಯನ್ನು ತರಕಾರಿ ಚೀಲದೊಳಗೆ ಇಟ್ಟು, ಅದರ ಮೇಲೆ ತನ್ನ ರೇನ್‌ಕೋಟ್ ಹೊದಿಸಿ, ತಾನು ನೆನೆಯುತ್ತಾ ರಿಕ್ಷಾಗೆ ಕೈ ಮಾಡುತ್ತಿದ್ದ. ಮೂರು ರಿಕ್ಷಾದವರು ಬರಲ್ಲ ಎಂದರು. ನಾಲ್ಕನೆಯವನು ನಿಲ್ಲಿಸಿ, ಚೀಲದಲ್ಲಿ ಮೀನಾ ಎಂದು ಕೇಳಿದ.