ಪಿನ್ ಕೂತಿತು, ಪರದೆ ಬರಲಿಲ್ಲ

ಹುತ್ತರಿ ಮುಗಿದ ವಾರ. ಮಡಿಕೇರಿಯಿಂದ ಸ್ವಲ್ಪ ದೂರದ ಒಂದು ಹೋಂಸ್ಟೇಯಿಂದ ಫೋನ್ ಬಂತು. ಕಾಫಿ ಮೂಟೆ ಇಡುತ್ತಿದ್ದ ಹಳೇ ಗೋಡೌನನ್ನು ಮಾಲೀಕರು ಚೆಂದ ಮಾಡಿಸಿ ಎಂಟು ಮೇಜು ಹಾಕಿಸಿದ್ದರು. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರಿಗೆ. ಹಗಲು ಕೆಲಸ, ಸಂಜೆ ತೋಟದಲ್ಲಿ ಓಡಾಟ. ಒಳ್ಳೆಯ ಯೋಚನೆಯೇ. ಮೇಜಿಗೊಂದು ಮಾನಿಟರ್, ಮಾನಿಟರಿಗೊಂದು ಡಾಕ್, ಅಂದರೆ ಒಂದೇ ವೈರಿನಲ್ಲಿ ಲ್ಯಾಪ್‌ಟಾಪನ್ನು ಪರದೆ, ಚಾರ್ಜ್, ನೆಟ್, ಮೌಸ್ ಎಲ್ಲಕ್ಕೂ ಸೇರಿಸುವ ಸಣ್ಣ ಪೆಟ್ಟಿಗೆ. ಎಂಟೂ ಡಾಕ್‌ಗಳನ್ನು ಆನ್‌ಲೈನಲ್ಲಿ ಒಟ್ಟಿಗೆ ತರಿಸಿದ್ದರು.

"ಎಂಥದು ಸಾರ್ ಇದು? ಒಬ್ಬರಿಗೆ ಪರದೆ ಬರ್ತದೆ, ಇನ್ನೊಬ್ಬರಿಗೆ ಚಾರ್ಜ್ ಮಾತ್ರ ಆಗ್ತದೆ. ನಿನ್ನೆ ಬಂದ ಹುಡುಗಿಗೆ ಎರಡೂ ಇಲ್ಲ. ಎರಡು ಡಾಕ್ ವಾಪಸ್ ಕಳಿಸಿ ಬೇರೆ ತರಿಸಿದೆ, ಅದೂ ಹಾಗೇ. ಪಿನ್ ಸರಿಯಾಗಿ ಕೂತಿದೆ ಸಾರ್!"

ಈ ಕೊನೆಯ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ವಕೀಲರ ಆಫೀಸಿನಲ್ಲಿ ಕೇಳಿದ್ದೇನೆ, ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೇಳಿದ್ದೇನೆ, ಕುಶಾಲನಗರದಲ್ಲಿ ಹೊಸದಾಗಿ ಶುರುವಾದ ಹನ್ನೆರಡು ಸೀಟಿನ ಆಫೀಸಿನಲ್ಲೂ ಕೇಳಿದ್ದೇನೆ. ಪಿನ್ ಕೂತಿದೆ, ನಿಜ. ಟೈಪ್-ಸಿ ಪಿನ್ ಎಲ್ಲದಕ್ಕೂ ಕೂರುತ್ತದೆ. ತಿರುಗಿಸಿ ಹಾಕಿದರೂ ಕೂರುತ್ತದೆ. ಅದು 2014ರಲ್ಲಿ ಬಂದಾಗ ಜನ ಮೆಚ್ಚಿದ್ದೇ ಅದಕ್ಕೆ. ನನ್ನ ತಲೆನೋವು ಶುರುವಾಗಿದ್ದೂ ಅದರಿಂದಲೇ.

ಮೊದಲು ಹೀಗಿರಲಿಲ್ಲ. ಮಾನಿಟರಿನ ವೈರು ಮಾನಿಟರಿನ ತೂತಿಗೆ ಮಾತ್ರ ಹೋಗುತ್ತಿತ್ತು. ಚಾರ್ಜರ್ ಚಾರ್ಜರಿನ ತೂತಿಗೆ. ತಪ್ಪು ಮಾಡಬೇಕೆಂದರೂ ಆಗುತ್ತಿರಲಿಲ್ಲ. ಈಗ ತೂತು ಒಂದೇ, ಹಿಂದಿನ ಕೆಲಸ ಬೇರೆ ಬೇರೆ. ನಮ್ಮ ತೋಟದ ಗೇಟುಗಳ ಹಾಗೆ. ಸಿದ್ದಾಪುರ ರಸ್ತೆಯಲ್ಲಿ ಹೋಗುವಾಗ ನೋಡಿ, ಗೇಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ. ಒಂದರ ಒಳಗೆ ಬಂಗಲೆಯವರೆಗೆ ಟಾರು ರಸ್ತೆ. ಇನ್ನೊಂದರ ಒಳಗೆ ಜೀಪು ಮಾತ್ರ ಹೋಗುವ ದಾರಿ. ಮತ್ತೊಂದರಲ್ಲಿ ಕಾಲುದಾರಿ, ಅದೂ ಕಾಫಿ ಗಿಡದ ನಡುವೆ. ರಸ್ತೆಯಲ್ಲಿ ನಿಂತು ಗೇಟು ನೋಡಿದರೆ ಲಾರಿ ಒಳಗೆ ಹೋಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪಿನ ಟೈಪ್-ಸಿ ಗೇಟಿನ ಹಿಂದೆ ಮೂರು ದಾರಿ ಇರಬಹುದು. ಡೇಟಾ ಹೋಗುವುದು ಒಂದು. ಪರದೆಗೆ ಚಿತ್ರ ಕಳಿಸುವುದು ಎರಡನೆಯದು. ಹೊರಗಿನಿಂದ ಚಾರ್ಜ್ ತೆಗೆದುಕೊಳ್ಳುವುದು ಮೂರನೆಯದು. ಡೇಟಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಉಳಿದ ಎರಡು ಕಂಪನಿಯವರ ಇಷ್ಟ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಇದೆ, ಆದರೆ ಅದರಲ್ಲಿ ಪೆನ್‌ಡ್ರೈವ್ ಓದಬಹುದು, ಅಷ್ಟೇ.

ಇಲ್ಲಿ ಜನ ಎಡವುವುದಕ್ಕೆ ಒಂದು ಕಾರಣವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಾಕ್ ಚುಚ್ಚಿದ ಕ್ಷಣ ಅದೂ ಲ್ಯಾಪ್‌ಟಾಪೂ ಮಾತಾಡಿಕೊಳ್ಳುತ್ತವೆ. ಆ 24 ಪಿನ್‌ಗಳಲ್ಲಿ ಎರಡು ಇರುವುದೇ ಆ ಮಾತುಕತೆಗೆ. "ನಿನಗೆ ಎಷ್ಟು ಕರೆಂಟು ಬೇಕು? ಚಿತ್ರ ಕಳಿಸುತ್ತೀಯಾ?" ಅಂತ ವಿಚಾರಣೆ ನಡೆಯುತ್ತದೆ. ಲ್ಯಾಪ್‌ಟಾಪ್ "ಚಿತ್ರ ನನ್ನ ಹತ್ತಿರ ಇಲ್ಲ" ಅಂದರೆ ಡಾಕ್ ಸುಮ್ನೆ ಕೂತುಬಿಡುತ್ತದೆ. ಜಗಳವಿಲ್ಲ, ಕೆಂಪು ದೀಪವಿಲ್ಲ. ಎಷ್ಟೋ ಸಲ ಪರದೆಯ ಮೇಲೆ ಒಂದು ಸಾಲಿನ ಸೂಚನೆಯೂ ಬರುವುದಿಲ್ಲ. ಮಾನಿಟರ್ ಮಾತ್ರ ಸಿಗ್ನಲ್ ಇಲ್ಲ ಅಂತ ಹೇಳಿ ಮಲಗುತ್ತದೆ. ನೋಡುವವರಿಗೆ ಡಾಕ್ ಸತ್ತಿದೆ ಅನ್ನಿಸುತ್ತದೆ. ಸತ್ತಿಲ್ಲ. ಅದು ಕೇಳಿದ್ದನ್ನು ಕೊಡಲು ಲ್ಯಾಪ್‌ಟಾಪಿನ ಕೈಯಲ್ಲಿ ಆಗುತ್ತಿಲ್ಲ. ಎಂಟು ಡಾಕ್ ಬದಲಾಯಿಸಿದರೂ ಎಂಟಕ್ಕೂ ಅದೇ ಉತ್ತರ ಸಿಗುತ್ತದೆ.

ಹಾಗಾದರೆ ಗೊತ್ತಾಗುವುದು ಹೇಗೆ? ತೂತಿನ ಪಕ್ಕ ನೋಡಿ. ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಅಂದರೆ ಇದೇ ತೂತಿನ ಹೆಚ್ಚು ವೇಗದ ಬಗೆ, ಪರದೆ ಬರುತ್ತದೆ ಎಂದು ನಂಬಬಹುದು. ಡಿ ಮತ್ತು ಪಿ ಸೇರಿಸಿ ಬರೆದಂತೆ ಕಾಣುವ ಗುರುತಿದ್ದರೂ ಪರದೆ ಬರುತ್ತದೆ. ಪ್ಲಗ್ ಅಥವಾ ಬ್ಯಾಟರಿಯ ಚಿತ್ರವಿದ್ದರೆ ಅದು ಕರೆಂಟಿನ ವಿಷಯ. ಬ್ಯಾಟರಿಯ ಒಳಗೆ ಮಿಂಚು ಬರೆದಿದ್ದರೆ ಅದು ಥಂಡರ್‌ಬೋಲ್ಟ್ ಅಲ್ಲ, ಇದರಲ್ಲಿ ಮೋಸ ಹೋದವರು ಸುಮಾರು ಜನ. ಗುರುತೇ ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನಿಸಬೇಡಿ, ಕೆಲವು ಕಂಪನಿಗಳು ಏನನ್ನೂ ಅಚ್ಚು ಹಾಕುವುದಿಲ್ಲ. ಲ್ಯಾಪ್‌ಟಾಪ್ ಮಗುಚಿ, ಕೆಳಗಿರುವ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಪುಟದಲ್ಲಿ ನೋಡಿ. ಪೂರ್ತಿ ನಂಬರ್. ಒಂದೇ ಹೆಸರಿನ ಲ್ಯಾಪ್‌ಟಾಪ್ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಬದಲಾಗಿರುತ್ತದೆ.

ಡಾಕ್ ಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳು ಯಾವುವು? ಇದನ್ನು ಕೇಳಿದರೆ ಜನ ಮೇಜಿನ ಅಳತೆ ಹೇಳುತ್ತಾರೆ. ಮಾನಿಟರ್ ಎಷ್ಟು ಇಂಚು ಅಂತ ಹೇಳುತ್ತಾರೆ. ಡಾಕ್‌ನಲ್ಲಿ ಎಷ್ಟು ತೂತಿದೆ ಅಂತ ಎಣಿಸಿ ಹೇಳುತ್ತಾರೆ. ಲ್ಯಾಪ್‌ಟಾಪಿನ ಫೋಟೊ ಕಳಿಸಿ ಅಂದರೆ ಡಾಕ್‌ನ ಡಬ್ಬಿಯ ಫೋಟೊ ಬರುತ್ತದೆ.

ವೈರಿನ ವಿಷಯಕ್ಕೂ ಇದೇ ಕಾಯಿಲೆ. ವಿರಾಜಪೇಟೆಯ ಒಂದು ಆಫೀಸಿನಲ್ಲಿ ಮೂರು ತಿಂಗಳು ಚೆನ್ನಾಗಿದ್ದ ಡಾಕ್ ಇದ್ದಕ್ಕಿದ್ದಂತೆ ಪರದೆ ಕೊಡುವುದನ್ನು ನಿಲ್ಲಿಸಿತು. ಅರ್ಧ ದಿನ ಕೂತು ಡ್ರೈವರ್ ತೆಗೆದು ಹಾಕಿದೆ. ಕೊನೆಗೆ ಅಲ್ಲಿನ ಅಕ್ಕ ಚಹಾ ಕೊಡುವಾಗ ಹೇಳಿದರು, "ಅದರ ವೈರು ಇಲಿ ಕಡಿದಿತ್ತು ಸಾರ್, ನಾನು ಮೊಬೈಲಿನ ವೈರು ಹಾಕಿದೆ." ಬಯ್ಯಲು ಮನಸ್ಸು ಬರಲಿಲ್ಲ, ಚಹಾ ಚೆನ್ನಾಗಿತ್ತು. ಮೊಬೈಲ್ ಜೊತೆ ಬರುವ ಹೆಚ್ಚಿನ ಟೈಪ್-ಸಿ ವೈರುಗಳಲ್ಲಿ ಚಿತ್ರ ಹೋಗುವ ತಂತಿಗಳೇ ಇರುವುದಿಲ್ಲ. ಚಾರ್ಜ್ ಮತ್ತು ನಿಧಾನದ ಡೇಟಾ ಮಾತ್ರ. ಅದಲ್ಲದೆ 60 ವಾಟ್‌ಗಿಂತ ಜಾಸ್ತಿ ಚಾರ್ಜ್ ಹೋಗಬೇಕಾದರೆ 5 ಆಂಪಿಯರ್‌ನ ವೈರು ಬೇಕು, ಅದರ ತುದಿಯಲ್ಲಿ ಒಂದು ಸಣ್ಣ ಚಿಪ್ ಇರುತ್ತದೆ. ಹತ್ತು ಜನ ಬಂದು ಹೋಗುವ ಮೇಜಿನಲ್ಲಿ ವೈರು ಕಳೆಯುತ್ತದೆ, ಬದಲಾಗುತ್ತದೆ. ನಾನೀಗ ಡಾಕ್‌ನ ವೈರಿಗೆ ಕೆಂಪು ಟೇಪ್ ಸುತ್ತಿ, ಮೇಜಿಗೆ ಕ್ಲಿಪ್ ಹೊಡೆದು ಬರುತ್ತೇನೆ.

ವಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬಿಯ ಮೇಲೆ 100 ವಾಟ್ ಅಂತಿದ್ದರೆ ಅದು ಲ್ಯಾಪ್‌ಟಾಪಿಗೆ ಸಿಗುವುದೋ ಅಥವಾ ಅಡಾಪ್ಟರಿನ ಒಟ್ಟು ಲೆಕ್ಕವೋ ಓದಿ ನೋಡಿ. ಡಾಕ್ ತನಗೂ ಒಂದು ಪಾಲು ಇಟ್ಟುಕೊಳ್ಳುತ್ತದೆ. ಕೆಲವದರಲ್ಲಿ ಲ್ಯಾಪ್‌ಟಾಪಿಗೆ 85 ಉಳಿಯುತ್ತದೆ. ಮಾಮೂಲಿ ಆಫೀಸ್ ಲ್ಯಾಪ್‌ಟಾಪಿಗೆ 65 ಸಾಕು. ಪ್ಲಾನ್ ಬಿಡಿಸುವ ಎಂಜಿನಿಯರುಗಳ, ವಿಡಿಯೊ ಮಾಡುವವರ ದಪ್ಪ ಲ್ಯಾಪ್‌ಟಾಪಿಗೆ ಸಾಲುವುದಿಲ್ಲ. ಚುಚ್ಚಿಟ್ಟೇ ಇದ್ದರೂ ಸಂಜೆ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ. ಅವರು ತಮ್ಮ ಚಾರ್ಜರ್ ತರಲಿ.

ಎರಡು ಪರದೆ ಬೇಕು ಎನ್ನುವವರಿಗೆ ಇನ್ನೊಂದು ಗಂಟಿದೆ. ಸಂಪಾಜೆ ಘಾಟಿಗೆ ನಾಲ್ಕು ಸಾಲಿನ ರಸ್ತೆ ಬಂತು ಎಂದುಕೊಳ್ಳಿ. ಎಂದುಕೊಳ್ಳಲು ಕಾಸೇನೂ ಬೇಡವಲ್ಲ. ಟೈಪ್-ಸಿಯ ಒಳಗೂ ವೇಗದ ಸಾಲುಗಳು ನಾಲ್ಕೇ. ನಾಲ್ಕೂ ಸಾಲನ್ನು ಚಿತ್ರಕ್ಕೆ ಬಿಟ್ಟರೆ ಯುಎಸ್‌ಬಿಗೆ ಉಳಿಯುವುದು ಪಕ್ಕದ ಕಚ್ಚಾ ದಾರಿ, ಅಂದರೆ ಹಳೆಯ 480 ಮೆಗಾಬಿಟ್ ವೇಗ. ಎರಡು ಇದಕ್ಕೆ ಎರಡು ಅದಕ್ಕೆ ಅಂತ ಹಂಚಿದರೆ ಚಿತ್ರದ ಜಾಗ ಅರ್ಧವಾಗುತ್ತದೆ. ಸಾಮಾನ್ಯ ಟೈಪ್-ಸಿ ಡಾಕ್‌ನಲ್ಲಿ 4ಕೆ ಪರದೆ, ಅಂದರೆ ತುಂಬಾ ಸೂಕ್ಷ್ಮವಾಗಿ ಚಿತ್ರ ತೋರಿಸುವ ಪರದೆ ಹಾಕಿ, ಮೌಸ್ ಎಳೆದ ಹಾಗೆ ಆಗುತ್ತದೆ ಎನ್ನುವವರದ್ದು ಇದೇ ಕಥೆ: ಪರದೆ 60ರ ಬದಲು 30 ಹರ್ಟ್ಸ್‌ಗೆ ಇಳಿದಿರುತ್ತದೆ, ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಥಂಡರ್‌ಬೋಲ್ಟ್ 4ರಲ್ಲಿ 40 ಗಿಗಾಬಿಟ್ ದಾರಿ ಇದೆ, ಎರಡು 4ಕೆ ಪರದೆ ಕೊಡಲೇಬೇಕೆಂಬ ನಿಯಮವೂ ಇದೆ. ಆದರೆ ಅದು ಡಾಕ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಇರಬೇಕು. ಹಳೆಯ ಥಂಡರ್‌ಬೋಲ್ಟ್ 3 ಡಾಕ್‌ಗಳಲ್ಲಿ ಹಲವು ಸಾಮಾನ್ಯ ಟೈಪ್-ಸಿ ಲ್ಯಾಪ್‌ಟಾಪಿಗೆ ಕೆಲಸವನ್ನೇ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ತಂದವರಿಗೆ ನನ್ನ ಅನುಕಂಪವಿದೆ. ಬಿಲ್ಲು, ಲೆಡ್ಜರ್, ಮೇಲ್ ನೋಡುವುದಕ್ಕೆ 24 ಇಂಚಿನ ಸಾದಾ ಪರದೆ ಧಾರಾಳವಾಯಿತು.

ಆಪಲ್‌ನ ಮ್ಯಾಕ್ ತರುವವರು ಬೇರೆ ಜಾತಿ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ತಾನಾಗಿ ಹೊರಗಿನ ಒಂದು ಪರದೆಗೆ ಮಾತ್ರ ಚಿತ್ರ ಕಳಿಸುತ್ತದೆ. ಎಂ3 ಇದ್ದರೆ ಮುಚ್ಚಳ ಮುಚ್ಚಿ ಎರಡು. ಜೊತೆಗೆ, ಒಂದೇ ದಾರಿಯಲ್ಲಿ ಎರಡು ಪರದೆಯ ಚಿತ್ರ ಕಳಿಸಿ ಡಾಕ್‌ನಲ್ಲಿ ಬಿಡಿಸುವ ಪದ್ಧತಿಯೊಂದಿದೆ. ಅದು ವಿಂಡೋಸ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನಲ್ಲಿ ಎರಡೂ ಪರದೆಗೆ ಒಂದೇ ಚಿತ್ರ ಬರುತ್ತದೆ. ಅದೇ ಡಾಕ್, ಅದೇ ವೈರು.

ಯಾವ ಲ್ಯಾಪ್‌ಟಾಪ್ ಬರುತ್ತದೋ ಗೊತ್ತಿಲ್ಲದ ಮೇಜಿಗೆ ಡಿಸ್‌ಪ್ಲೇಲಿಂಕ್ ಎಂಬ ಬಗೆಯ ಡಾಕ್ ಇದೆ. ಅದು ಚಿತ್ರವನ್ನು ಒತ್ತಿ ಸಣ್ಣದು ಮಾಡಿ ಡೇಟಾ ದಾರಿಯಲ್ಲೇ ಕಳಿಸುತ್ತದೆ. ಹಾಗಾಗಿ ಕಾಲುದಾರಿಯ ಗೇಟಿನಲ್ಲೂ, ಹಳೆಯ ಚೌಕದ ಯುಎಸ್‌ಬಿಯಲ್ಲೂ ಪರದೆ ಬರುತ್ತದೆ. ಆದರೆ ಲ್ಯಾಪ್‌ಟಾಪಿನಲ್ಲಿ ಅದರ ಸಾಫ್ಟ್‌ವೇರ್ ಇರಬೇಕು. ದೊಡ್ಡ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಏನನ್ನಾದರೂ ಹಾಕಲು ಅವರ ಐಟಿ ವಿಭಾಗ ಬಿಡಬೇಕಲ್ಲ? ಹೋಂಸ್ಟೇ ಮೇಜಿನಲ್ಲಿ ಕೂತು ಆ ಅನುಮತಿ ಬರುವವರೆಗೆ ಕಾಯುವಷ್ಟರಲ್ಲಿ ಅತಿಥಿಯ ರಜೆ ಮುಗಿದಿರುತ್ತದೆ. ವಿಂಡೋಸ್ ಕೆಲವು ಸಲ ತಾನೇ ಹುಡುಕಿ ಹಾಕಿಕೊಳ್ಳುತ್ತದೆ, ಆದರೆ ಅದನ್ನು ನಂಬಿ ಎಂಟು ತರಿಸಿ ಅಂತ ನಾನು ಹೇಳಲಾರೆ.

ಕೊನೆಗೆ ಆ ಗೋಡೌನಿನಲ್ಲಿ ಏನು ಮಾಡಿದೆವು? ಎರಡು ಡಾಕ್ ಇಟ್ಟುಕೊಂಡೆವು, ಆರನ್ನು ಮಾರಿಬಿಡಿ ಅಂದೆ. ಎರಡು ದಿನಕ್ಕೆ ಬರುವವರಿಗೆ ಬೇಕಾಗುವುದು ಒಂದು ಪರದೆ ಮತ್ತು ಚಾರ್ಜ್. ಆರು ಮೇಜಿಗೆ ಉದ್ದನೆಯ ಎಚ್‌ಡಿಎಂಐ ವೈರು, ಒಂದೊಂದು 65 ವಾಟ್ ಚಾರ್ಜರ್. ಎಚ್‌ಡಿಎಂಐ ಇಲ್ಲದವರಿಗೆ ಎರಡು ಕನ್ವರ್ಟರ್, ಮಾಲೀಕರ ಹತ್ತಿರ. ಅವರಿಗೆ ಬೇಜಾರಾಯಿತು. ಡಾಕ್ ಮೇಜಿನ ಮೇಲೆ ಚೆಂದ ಕಾಣುತ್ತಿತ್ತು ಅಂದರು. ಕಾಣುತ್ತಿತ್ತು, ಇಲ್ಲವೆನ್ನಲಾರೆ.

ಕುಶಾಲನಗರದ ಆಫೀಸಿನ ಲೆಕ್ಕ ಬೇರೆ. ಅಲ್ಲಿ ಎಲ್ಲರಿಗೂ ಕಂಪನಿಯೇ ಒಂದೇ ಮಾಡೆಲ್ ಕೊಟ್ಟಿದೆ, ಮೇಜು ಮಾತ್ರ ಯಾರದ್ದೂ ಅಲ್ಲ. ಬೆಳಗ್ಗೆ ಮೊದಲು ಬಂದವರು ಕಿಟಕಿ ಹಿಡಿಯುತ್ತಾರೆ. ಅಂಥ ಕಡೆ ಲ್ಯಾಪ್‌ಟಾಪ್ ಮಾಡಿದ ಕಂಪನಿಯದೇ ಡಾಕ್ ತೆಗೆದುಕೊಳ್ಳಿ, ಬೆಲೆ ಜಾಸ್ತಿಯಾದರೂ. ಆದರೂ ಹನ್ನೆರಡನ್ನು ಒಟ್ಟಿಗೆ ತರಿಸಬೇಡಿ. ಒಂದು ತಂದು, ಆಫೀಸಿನ ಅತಿ ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಒಂದು ವಾರ ಓಡಿಸಿ. ವೈರ್‌ಲೆಸ್ ಮೌಸ್ ತಡವರಿಸಿದರೆ ಗಾಬರಿ ಬೇಡ. ಯುಎಸ್‌ಬಿ 3ರ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್‌ಗೆ ತಾಗುತ್ತದೆ. ಮೌಸಿನ ಸಣ್ಣ ಯುಎಸ್‌ಬಿ ರಿಸೀವರನ್ನು ಡಾಕ್‌ನಿಂದ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ ನೋಡಿ.

ನಮ್ಮೂರಿನ ಮಳೆಗಾಲದ ಬಗ್ಗೆ ಡಾಕ್‌ನ ಡಬ್ಬಿಯಲ್ಲಿ ಏನೂ ಬರೆದಿರುವುದಿಲ್ಲ. ಡಾಕ್ ಯಾವಾಗಲೂ ಬೆಚ್ಚಗಿರುತ್ತದೆ. ಜುಲೈ ತಿಂಗಳಲ್ಲಿ ಇರುವೆಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗುತ್ತದೆ? ನೆಲದ ಮೇಲೆ ಇಡಬೇಡಿ. ಕರೆಂಟು ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಆರಾಮಾಗಿರುತ್ತದೆ, ಆದರೆ ಡಾಕ್ ಒಂದು ಕ್ಷಣ ಆರಿದರೂ ಪರದೆ ಮತ್ತು ನೆಟ್ ಎರಡೂ ಬಿದ್ದುಹೋಗಿ ವಿಡಿಯೊ ಮೀಟಿಂಗ್ ಕಟ್ ಆಗುತ್ತದೆ. ಇನ್ವರ್ಟರ್ ಇದೆಯಲ್ಲ ಅನ್ನುತ್ತಾರೆ. ಹಲವು ಇನ್ವರ್ಟರ್‌ಗಳ ಹಿಂದೆ ಒಂದು ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ಹಾಕದಿದ್ದರೆ ಅದು ನಿಧಾನವಾಗಿ ಬದಲಾಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಡಾಕ್‌ಗೆ ಗೊತ್ತಾಗುತ್ತದೆ. ಆ ಸ್ವಿಚ್ ತಿರುಗಿಸಿಯೂ ಸಾಲದಿದ್ದರೆ ಡಾಕ್, ಮಾನಿಟರ್, ರೂಟರ್ ಮೂರಕ್ಕೂ ಸೇರಿಸಿ ಒಂದು ಸಣ್ಣ ಯುಪಿಎಸ್ ಇಡಿ.

ಸಿಡಿಲಿನ ಕಾಲ ಅಂದರೆ ನಮಗೆ ಏಪ್ರಿಲ್, ಮೇ. ಒಂದು ತೋಟದ ಆಫೀಸಿನ ರೈಟರ್ ಬಹಳ ಶಿಸ್ತಿನವರು. ಗುಡುಗಿದರೆ ಸಾಕು, ಎದ್ದು ಹೋಗಿ ಡಾಕ್‌ನ ಪ್ಲಗ್ ಕೀಳುತ್ತಾರೆ. ಆದರೂ ಡಾಕ್ ಸುಟ್ಟಿತು, ನೆಟ್‌ವರ್ಕಿನ ತೂತು ಕರಕಲಾಗಿತ್ತು. ಬಂಗಲೆಯಿಂದ ಆಫೀಸಿಗೆ ಸಿಲ್ವರ್ ಓಕ್ ಮರಗಳ ಮೇಲಿಂದ ಎಳೆದ ಲ್ಯಾನ್ ವೈರು ಚುಚ್ಚಿದಂತೆಯೇ ಇತ್ತು. "ಅದರಲ್ಲಿ ಕರೆಂಟಿಲ್ಲ ಅಲ್ವಾ ಸಾರ್?" ಅಂದರು. ಈಗ ಅವರು ಎರಡನ್ನೂ ಕೀಳುತ್ತಾರೆ. ಆ ಬಂಗಲೆ ಮತ್ತು ಆಫೀಸಿನ ನಡುವೆ ಸಿಡಿಲಿನ ಕರೆಂಟು ಹರಿಯದ ಫೈಬರ್ ಎಳೆಸಿ ಎಂದು ಸಾಹುಕಾರರಿಗೆ ಹೇಳಿದ್ದೇನೆ. ಕಾಫಿ ಬಿಲ್ ಬಂದ ಮೇಲೆ ನೋಡೋಣ ಅಂದಿದ್ದಾರೆ.