ಡಿಫರೆನ್ಷಿಯಲ್ ಬ್ಲಾಕ್: ನೋವು ಹೋದರೂ ಮುಟ್ಟಿದ್ದು ತಿಳಿಯುವುದೇಕೆ?

“ಮುಟ್ಟಿದ್ದು ಗೊತ್ತಾಗ್ತಿದೆ ಡಾಕ್ಟ್ರೇ, ಮದ್ದು ಹಿಡಿದಿಲ್ಲ.” ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಕೆಲವು ನಿಮಿಷಕ್ಕೆ ಆಪರೇಷನ್ ಟೇಬಲ್ ಮೇಲಿನಿಂದ ಕೇಳಿಬರುವ ಮಾತು ಇದು. ಮುಟ್ಟಿದ್ದು ಗೊತ್ತಾಗುತ್ತಿರುವುದು ನಿಜ. ಆದರೆ ಅದೇ ಜಾಗಕ್ಕೆ ಸೂಜಿಮೊನೆ ತಾಗಿಸಿದರೆ ಚುಚ್ಚಿದ ಹಾಗಿರುವುದಿಲ್ಲ, ಒತ್ತಿದ ಹಾಗಿರುತ್ತದೆ. ಒಂದೇ ಮದ್ದು ಒಂದು ಬಗೆಯ ನರತಂತುವನ್ನು ತಡೆದು ಇನ್ನೊಂದನ್ನು ಬಿಟ್ಟಿರುವ, ಅಥವಾ ಒಂದನ್ನು ಮೊದಲು, ಇನ್ನೊಂದನ್ನು ತಡವಾಗಿ ತಡೆಯುವ ಈ ಸ್ಥಿತಿಗೆ ಅರಿವಳಿಕೆ ಶಾಸ್ತ್ರದಲ್ಲಿ ಡಿಫರೆನ್ಷಿಯಲ್ ಬ್ಲಾಕ್ ಎಂದು ಹೆಸರು. ಕನ್ನಡದಲ್ಲಿ ‘ಭಿನ್ನ ತಡೆ’ ಎನ್ನಬಹುದು.

ಇದು ಬೆನ್ನುಹುರಿ ಅರಿವಳಿಕೆಯಷ್ಟೇ ಹಳೆಯ ಸಂಗತಿ. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್‌ನಲ್ಲಿ ಶಸ್ತ್ರವೈದ್ಯ ಆಗಸ್ಟ್ ಬಿಯರ್ ತಮ್ಮ ಸಹಾಯಕ ಹಿಲ್ಡೆಬ್ರಾಂಟ್ ಅವರ ಬೆನ್ನಿಗೆ ಕೊಕೇನ್ ಕೊಟ್ಟು ಪರೀಕ್ಷಿಸಿದರು. ತೊಡೆಗೆ ಸೂಜಿ ಚುಚ್ಚಿದ್ದು ಬರೀ ಒತ್ತಡವಾಗಿ ತಿಳಿಯಿತು, ಮೊಣಕಾಲ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಬಲವಾಗಿ ಹೊಡೆದರೂ ನೋಯಲಿಲ್ಲ.

ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದು-ಎರಡನೆಯ ಕಶೇರುಗಳ ಹತ್ತಿರ ಮುಗಿಯುತ್ತದೆ. ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಸೊಂಟದ ಮೂರು-ನಾಲ್ಕನೆಯ (ಎಲ್3-ಎಲ್4) ಅಥವಾ ನಾಲ್ಕು-ಐದನೆಯ (ಎಲ್4-ಎಲ್5) ಕಶೇರುಗಳ ಸಂದಿನಲ್ಲಿ, 25ರಿಂದ 27 ಗೇಜಿನ ಸಣ್ಣ ಸೂಜಿ ಹಾಕುತ್ತಾರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು 0.5% ಹೆವಿ ಬುಪಿವಕೇನ್. ಅದರ ಒಂದು ಮಿ.ಲೀ.ಯಲ್ಲಿ 5 ಮಿ.ಗ್ರಾಂ ಮದ್ದು, 80 ಮಿ.ಗ್ರಾಂ ಡೆಕ್ಸ್‌ಟ್ರೋಸ್ ಇರುತ್ತದೆ. ಈ ಸಕ್ಕರೆಯಿಂದಲೇ ಅದು ಬೆನ್ನುಹುರಿಯ ಸುತ್ತಲಿನ ದ್ರವಕ್ಕಿಂತ ಭಾರವಾಗಿ, ಮಲಗಿಸಿದ ಭಂಗಿಯಲ್ಲಿ ತಗ್ಗಿರುವ ಕಡೆಗೆ ಹರಿಯುತ್ತದೆ. ಸಿಸೇರಿಯನ್ನಿಗೆ ಸುಮಾರು 2 ಮಿ.ಲೀ. ಸಾಕು.

ಮದ್ದು ನರತಂತುವಿನ ಸೋಡಿಯಂ ದ್ವಾರಗಳನ್ನು ಮುಚ್ಚುತ್ತದೆ, ಸಂಕೇತ ಮುಂದೆ ಹೋಗುವುದಿಲ್ಲ. ಆದರೆ ನರವೆಂದರೆ ಒಂದೇ ತಂತಿಯಲ್ಲ. ಸ್ನಾಯು ಕುಣಿಸುವ ಎ-ಆಲ್ಫಾ ತಂತು 12ರಿಂದ 20 ಮೈಕ್ರಾನ್ ದಪ್ಪ, ಸ್ಪರ್ಶದ ಎ-ಬೀಟಾ ಅದಕ್ಕಿಂತ ಸಣ್ಣದು. ಚುರುಕು ನೋವು ಮತ್ತು ತಣ್ಣನೆಯ ಅರಿವಿನ ಎ-ಡೆಲ್ಟಾ ಇನ್ನೂ ತೆಳು. ರಕ್ತನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ವ್ಯವಸ್ಥೆಯ ಬಿ ತಂತು 3 ಮೈಕ್ರಾನ್‌ಗಿಂತ ಕಡಿಮೆ. ಮಂದ ನೋವಿನ ಸಿ ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯೇ ಇಲ್ಲ. ಮಯಲಿನ್ ಇರುವ ತಂತುವಿನಲ್ಲಿ ಸಂಕೇತ ಹೊದಿಕೆಯಿಲ್ಲದ ಒಂದು ಗಂಟಿನಿಂದ ಮತ್ತೊಂದಕ್ಕೆ ನೆಗೆಯುತ್ತದೆ. ಅದನ್ನು ನಿಲ್ಲಿಸಲು ಸಾಲಾಗಿ ಸುಮಾರು ಮೂರು ಗಂಟುಗಳಾದರೂ ಮುಚ್ಚಬೇಕು. ದಪ್ಪ ತಂತುವಿನಲ್ಲಿ ಗಂಟುಗಳು ದೂರದೂರ, ಹಾಗಾಗಿ ಹೆಚ್ಚು ಉದ್ದಕ್ಕೆ ಮದ್ದು ತಾಗಬೇಕು.

‘ತೆಳು ಬೇಗ, ದಪ್ಪ ತಡ’ ಎಂದು ಬಾಯಿಪಾಠ ಮಾಡಿಕೊಂಡರೆ ಮಾತ್ರ ಎಡವುತ್ತೇವೆ. ಎಲ್ಲಕ್ಕಿಂತ ತೆಳುವಾದ ಸಿ ತಂತು ಎಲ್ಲಕ್ಕಿಂತ ಮೊದಲು ಸೋಲುವುದಿಲ್ಲ, ಅದಕ್ಕಿಂತ ದಪ್ಪದ ಬಿ ಮೊದಲು ಸೋಲುತ್ತದೆ. ಬೆನ್ನಿನ ಇಂಜೆಕ್ಷನ್ನಿನಲ್ಲಿ ದೊಡ್ಡ ಪಾತ್ರ ಮದ್ದಿನ ಸಾಂದ್ರತೆಯದ್ದು. ಸೂಜಿ ಹಾಕಿದ ಆಸುಪಾಸಿನಲ್ಲಿ ಅದು ಗಟ್ಟಿಯಾಗಿರುವುದರಿಂದ ಎಲ್ಲವೂ ಸ್ತಬ್ಧ. ಮೇಲೆ ಹೋದಂತೆ ತಿಳಿಯಾಗುತ್ತ ಬಂದು, ಅಂಚಿನಲ್ಲಿ ಬೇಗ ಸೋಲುವ ತಂತುಗಳು ಮಾತ್ರ ಕೆಲಸ ನಿಲ್ಲಿಸುತ್ತವೆ. ಅದಕ್ಕೇ ಒಂದೇ ಮೈಯಲ್ಲಿ ಮೂರು ಗಡಿ. ಚಲನೆಯ ತಡೆ ಸಂವೇದನೆಯ ತಡೆಗಿಂತ ಸುಮಾರು ಎರಡು ಮಟ್ಟ (ಬೆನ್ನುಹುರಿಯ ಒಂದೊಂದು ನರದ ಪಾಲಿನ ಪಟ್ಟಿ ಒಂದೊಂದು ಮಟ್ಟ) ಕೆಳಗೆ ನಿಲ್ಲುತ್ತದೆ, ಸಿಂಪಥೆಟಿಕ್ ತಡೆ ಎರಡು ಮಟ್ಟ, ಕೆಲವೊಮ್ಮೆ ಇನ್ನೂ ಹೆಚ್ಚು, ಮೇಲೆ ಹೋಗಿರುತ್ತದೆ.

ಮೊದಲ ಸುಳಿವು ಪಾದದಲ್ಲಿ: ಬಿಸಿಯಾಗುತ್ತದೆ. ರಕ್ತನಾಳಗಳು ಸಡಿಲಗೊಂಡಿವೆ ಎಂದರ್ಥ, ಬಿಪಿ ಇಳಿಯುವುದೂ ಇದರಿಂದಲೇ. ತಡೆ ಎದೆಭಾಗದ ಮೇಲಿನ ನಾಲ್ಕು ನರಗಳವರೆಗೆ (ಟಿ1-ಟಿ4) ಏರಿದರೆ ಹೃದಯ ಬಡಿತ ಹೆಚ್ಚಿಸುವ ನರಗಳೂ ನಿಂತು ನಾಡಿ ನಿಧಾನವಾಗುತ್ತದೆ. ವಾಕರಿಕೆ ಬಂದರೆ ಮೊದಲು ಬಿಪಿ ನೋಡಬೇಕು. ಬಿಪಿ ಏರಿಸುವ ಫಿನೈಲೆಫ್ರಿನ್, ಎಫೆಡ್ರಿನ್, ಮೆಫೆಂಟರ್ಮಿನ್ ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು ಇದಕ್ಕೇ.

ಎಚ್ಚರ ತಪ್ಪುವುದು ಹೆಚ್ಚಾಗಿ ಪರೀಕ್ಷೆಯಲ್ಲಿ. ಸ್ಪಿರಿಟ್ ಹತ್ತಿಯ ತಣ್ಣನೆ, ಸೂಜಿಮೊನೆ, ಹಗುರ ಸ್ಪರ್ಶ ಮೂರೂ ಬೇರೆಬೇರೆ ತಂತುಗಳನ್ನು ಕೇಳುವ ಪ್ರಶ್ನೆಗಳು, ಉತ್ತರವೂ ಬೇರೆ. ಹೊಕ್ಕುಳು ಟಿ10, ಎದೆಮೂಳೆಯ ತುದಿ ಟಿ6, ಮೊಲೆತೊಟ್ಟಿನ ಸಾಲು ಟಿ4. ಸಿಸೇರಿಯನ್ನಿನ ಗಾಯ ಕಿಬ್ಬೊಟ್ಟೆಯಲ್ಲಿದ್ದರೂ ತಡೆ ಟಿ4ರವರೆಗೆ ಬೇಕು, ಹೊಟ್ಟೆಯೊಳಗಿನ ಪೊರೆಯ ನರಗಳು ಅಷ್ಟು ಮೇಲಿಂದ ಬರುತ್ತವೆ. ತಣ್ಣನೆ ಟಿ4ರಲ್ಲಿ ಹೋಗಿದ್ದರೂ ಸ್ಪರ್ಶದ ತಡೆ ಹಲವು ಮಟ್ಟ ಕೆಳಗೇ ಉಳಿದಿರಬಹುದು. ಆಗ ಶುರು ಮಾಡಿದರೆ ನಡುವೆ ತಾಯಿಗೆ ನೋವಾದೀತು. ಆದ್ದರಿಂದ ಯಾವುದರಿಂದ ಪರೀಕ್ಷಿಸಿದ್ದು ಎಂಬುದನ್ನೂ ಎರಡೂ ಬದಿಯ ಮಟ್ಟವನ್ನೂ ಬರೆದಿಡಬೇಕು. ಎಳೆದ, ಒತ್ತಿದ ಅನುಭವ ಸಹಜವೆಂದು ಮೊದಲೇ ತಿಳಿಸಬೇಕು. ಆದರೆ ನೋವು ಎಂದರೆ ನಂಬಬೇಕು, ‘ಅದು ಬರೀ ಎಳೆತ’ ಎಂದು ತಳ್ಳಿಹಾಕುವುದು ತಪ್ಪು.

ಕಾಲಿನ ಶಕ್ತಿಯನ್ನು ಅಳೆಯುವುದು ಬ್ರೊಮೇಜ್ ಅಂಕದಿಂದ: ಕಾಲು ನೆಟ್ಟಗೆ ಎತ್ತಲಾದರೆ 0, ಪಾದದ ಗಿಣ್ಣೂ ಅಲುಗದಿದ್ದರೆ 3. ಕೀಲುಗಳ ಸ್ಥಾನ ತಿಳಿಸುವ ತಂತುಗಳೂ ನಿಂತಾಗ ಚಾಚಿದ ಕಾಲು ಮಡಿಸಿದಂತೆ, ಎತ್ತಿ ಹಿಡಿದಂತೆ ಅನ್ನಿಸುತ್ತದೆ. ಎದೆಗೂಡಿನ ಅರಿವು ಹೋದಾಗ ‘ಉಸಿರು ಎಳೆಯಕ್ಕಾಗ್ತಿಲ್ಲ’ ಅನ್ನುತ್ತಾರೆ. ವಪೆಯ ನರ ಕುತ್ತಿಗೆಯ ಸಿ3-ಸಿ5ರಿಂದ ಬರುವುದರಿಂದ ಉಸಿರು ಸಾಮಾನ್ಯವಾಗಿ ನಡೆಯುತ್ತಿರುತ್ತದೆ. ಆದರೂ ದನಿ, ಕೆಮ್ಮು, ಕೈಹಿಡಿತ ನೋಡಲೇಬೇಕು: ಹಿಡಿತ ಸಡಿಲಿ ದನಿ ಪಿಸುಮಾತಾದರೆ ತಡೆ ತೀರಾ ಮೇಲೇರಿದೆ.

ಇದೇ ಭೇದವನ್ನು ಹೆರಿಗೆ ನೋವು ತಗ್ಗಿಸಲು ಬೆನ್ನುಹುರಿಯ ಪೊರೆಯ ಹೊರಗೆ ಮದ್ದು ಕೊಡುವ ಎಪಿಡ್ಯೂರಲ್‌ನಲ್ಲಿ ಬೇಕೆಂದೇ ಬಳಸುತ್ತಾರೆ. 0.1%ದಷ್ಟು ತೆಳು ಬುಪಿವಕೇನ್ ಜೊತೆ ನೋವುನಿವಾರಕ ಫೆಂಟನಿಲ್ ಸೇರಿಸಿದರೆ ನೋವು ತಗ್ಗುತ್ತದೆ, ಕಾಲು ಬಹುಮಟ್ಟಿಗೆ ಆಡುತ್ತದೆ.

ಕಾಲು ಆಡತೊಡಗಿದ ಮಾತ್ರಕ್ಕೆ ಎಲ್ಲವೂ ಮರಳಿತು ಎಂದಲ್ಲ. ಮೂತ್ರಕೋಶದ ನರಗಳು ತೀರಾ ಕೆಳಗಿನ ಎಸ್2-ಎಸ್4ರವು, ತಡವಾಗಿ ಬಿಡುಗಡೆಯಾಗುತ್ತವೆ. ಕೋಶ ತುಂಬಿದರೂ ಗೊತ್ತಾಗದೆ ಹಿಗ್ಗಬಹುದು, ವಾರ್ಡಿನಲ್ಲಿ ಮೂತ್ರ ಹೋಯಿತೇ ಎಂದು ಮತ್ತೆಮತ್ತೆ ಕೇಳುವುದು ಅದಕ್ಕೆ. ಮೊದಲ ಸಲ ಏಳುವಾಗ ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಬಿಪಿ ನೋಡಿ, ಪಕ್ಕದಲ್ಲಿ ಒಬ್ಬರನ್ನು ಹಿಡಿದುಕೊಂಡೇ ನಿಲ್ಲಬೇಕು.