ನಮ್ಮ ತೂಕ ಎಷ್ಟಿರಬೇಕು ಅಂತ ತೀರ್ಮಾನಿಸಿದ್ದು ಯಾರು?

ಐದಡಿ ಎರಡಿಂಚು ಎತ್ತರದ ಒಬ್ಬ ಹೆಂಗಸು ಎಷ್ಟು ಕೆಜಿ ಇರಬೇಕು? ಸೆಂಟಿಮೀಟರ್ ಲೆಕ್ಕದ ಎತ್ತರದಲ್ಲಿ ನೂರು ಕಳೆಯಿರಿ ಅನ್ನುವ ಹಳೇ ಲೆಕ್ಕ ಹಿಡಿದರೆ 57 ಚಿಲ್ಲರೆ. ಮೊಬೈಲಿನಲ್ಲಿ ಸಿಗುವ ಕೆಲವು 'ಐಡಿಯಲ್ ವೇಟ್' ಕ್ಯಾಲ್ಕುಲೇಟರ್‌ಗಳು 50 ಅನ್ನುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಬಿಎಂಐ ಪಟ್ಟಿಯ ಪ್ರಕಾರ 46ರಿಂದ ಸುಮಾರು 62ರವರೆಗೆ ಎಲ್ಲವೂ ಸರಿ. (ಬಿಎಂಐ ಅಂದರೆ ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ, ಅಂದರೆ ಎತ್ತರವನ್ನು ಅದರಿಂದಲೇ ಗುಣಿಸಿ ಬಂದದ್ದರಿಂದ, ಭಾಗಿಸಿದಾಗ ಸಿಗುವ ಅಂಕಿ.) ಭಾರತೀಯರಿಗೆಂದೇ ನಮ್ಮ ವೈದ್ಯರು ಹಾಕಿಕೊಂಡ ಮಿತಿ ನೋಡಿದರೆ 57 ದಾಟಬಾರದು. ಅಂದರೆ ಅದೇ ಹೆಂಗಸು 60 ಕೆಜಿ ಇದ್ದರೆ ಒಂದು ಪಟ್ಟಿಯಲ್ಲಿ ಆರೋಗ್ಯವಂತೆ, ಇನ್ನೊಂದರಲ್ಲಿ ಜಾಸ್ತಿ ತೂಕದವಳು.

ಇದರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಲೆಕ್ಕವನ್ನು ಒಬ್ಬೊಬ್ಬರು ತಮ್ಮ ಯಾವುದೋ ಕೆಲಸಕ್ಕೆ ಮಾಡಿಕೊಂಡರು. ಆಮೇಲೆ ಅದು ಬೇರೆ ಊರಿಗೆ, ಬೇರೆ ಕೆಲಸಕ್ಕೆ, ಬೇರೆ ಮೈಕಟ್ಟಿನ ಜನರಿಗೆ ಬಂದು ಸೇರಿತು. ತೊಡಕು ಇರುವುದು ಅಲ್ಲಿ.

ಬಿಎಂಐಯ ಮೂಲ ಲೆಕ್ಕ ಹಾಕಿದವರು ವೈದ್ಯರೇ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಖಗೋಳ ವಿಜ್ಞಾನಿ, ಅಂಕಿಅಂಶಗಳ ತಜ್ಞ. ನಕ್ಷತ್ರಗಳನ್ನು ಅಳೆಯುವ ಲೆಕ್ಕವನ್ನೇ ಮನುಷ್ಯರಿಗೂ ಹಚ್ಚಿ, 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಿದ್ದರು. 1835ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದು ವಿಷಯ ಇತ್ತು: ಬೆಳೆದ ಮನುಷ್ಯರಲ್ಲಿ ತೂಕ ಹೆಚ್ಚುಕಮ್ಮಿ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರದವರು ಗಿಡ್ಡನೆಯವರನ್ನು ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸಿದ ಹಾಗೆ ಇರುವುದಿಲ್ಲ. ಹಾಗಿದ್ದಿದ್ದರೆ ತೂಕ ಎತ್ತರದ ಘನಕ್ಕೆ ತಕ್ಕಂತೆ ಏರಬೇಕಿತ್ತು. ಕೆಟ್ಲೆ ಗಮನಿಸಿದ್ದು ಇಷ್ಟೇ. ಯಾರು ದಪ್ಪ, ಯಾರಿಗೆ ಕಾಯಿಲೆ ಬರುತ್ತದೆ ಅನ್ನುವುದು ಅವರ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆಯನ್ನು ಜೋರಾಗಿ ಕೇಳಿದ್ದು ಅಮೆರಿಕದ ವಿಮಾ ಕಂಪನಿಗಳು. ಪಾಲಿಸಿ ಮಾಡಿಸಿದವರು ಬೇಗ ಸತ್ತರೆ ನಷ್ಟ ಅವರದೇ ಅಲ್ವಾ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಕಂಪನಿ 1940ರ ದಶಕದ ಮೊದಲಲ್ಲಿ 'ಆದರ್ಶ ತೂಕ'ದ ಪಟ್ಟಿ ತಂದಿತು. 1959ರಲ್ಲಿ ಅದನ್ನು ತಿದ್ದಿ ಮತ್ತೆ ಹೊರಡಿಸಿತು. ಅಮೆರಿಕ, ಕೆನಡಾದ ಸುಮಾರು 50 ಲಕ್ಷ ಪಾಲಿಸಿಗಳ ಲೆಕ್ಕ ಅದರ ಹಿಂದೆ ಇತ್ತು. ಆದರೆ ವಿಮೆ ಮಾಡಿಸುತ್ತಿದ್ದವರು ಹೆಚ್ಚಾಗಿ ಬಿಳಿಯರು, ಒಂದಿಷ್ಟು ಅನುಕೂಲಸ್ಥರು. ತೂಕ ನೋಡುವಾಗ ಹಲವರ ಮೈಮೇಲೆ ಬಟ್ಟೆ, ಕಾಲಲ್ಲಿ ಶೂ ಇರುತ್ತಿತ್ತು. ಪಟ್ಟಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೈಕಟ್ಟು ಅಂತ ಮೂರು ಕಾಲಂ ಇದ್ದವು, ಆದರೆ ಆ ಮೈಕಟ್ಟನ್ನು ಯಾರೂ ಅಳೆದಿರಲಿಲ್ಲ. ಹೀಗಿದ್ದೂ ದಶಕಗಳ ಕಾಲ ವೈದ್ಯರ ಗೋಡೆಯ ಮೇಲೆ ಇದೇ ಪಟ್ಟಿ ನೇತಾಡಿತು.

ನೂರು ಕಳೆಯುವ ಲೆಕ್ಕಕ್ಕೆ 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾ ಹೆಸರಿದೆ. ಮೊಬೈಲ್ ಕ್ಯಾಲ್ಕುಲೇಟರಿನ 50 ಕೆಜಿ ಬರುವುದು 1974ರ ಡಿವೈನ್ ಸೂತ್ರದಿಂದ. ಅದು ಹುಟ್ಟಿದ್ದು ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್‌ನ ಡೋಸ್ ಲೆಕ್ಕ ಹಾಕಲು. ಔಷಧಿಯ ಡೋಸಿಗೆ ಮಾಡಿದ ಅಂದಾಜನ್ನು ಹಿಡಿದು ಎಷ್ಟೋ ಹೆಣ್ಣುಮಕ್ಕಳು ಊಟ ಬಿಡುತ್ತಾರೆ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಿಮಾ ಪಟ್ಟಿಯನ್ನು ಒಪ್ಪದವರಲ್ಲಿ ಅಮೆರಿಕದ ಸಂಶೋಧಕ ಆನ್ಸೆಲ್ ಕೀಸ್ ಮುಖ್ಯರು. 1972ರಲ್ಲಿ ಅವರ ತಂಡ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಎತ್ತರ, ತೂಕ, ಚರ್ಮದ ಕೆಳಗಿನ ಕೊಬ್ಬು ಎಲ್ಲವನ್ನೂ ಹೋಲಿಸಿ ನೋಡಿತು. ಇದ್ದ ಸೂತ್ರಗಳಲ್ಲಿ ಕೆಟ್ಲೆಯ ಹಳೇ ಲೆಕ್ಕವೇ ವಾಸಿ ಅಂತ ತೀರ್ಮಾನಿಸಿ, ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರು ಕೊಟ್ಟಿತು. ಪೂರ್ತಿ ತೃಪ್ತಿ ಕೊಡುವ ಅಳತೆ ಇದು ಅಂತ ಅವರೇನೂ ಹೇಳಿರಲಿಲ್ಲ. ಆ ಗುಂಪಿನಲ್ಲಿ ಹೆಂಗಸರಿರಲಿಲ್ಲ. ಭಾರತವೂ ಇರಲಿಲ್ಲ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 18.5, 25, 30 ಅನ್ನುವ ಗೆರೆಗಳನ್ನು ಎಳೆಯಿತು. 18.5ಕ್ಕಿಂತ ಕೆಳಗೆ ಕಡಿಮೆ ತೂಕ, 25 ಮುಟ್ಟಿದರೆ ಜಾಸ್ತಿ ತೂಕ, 30 ಮುಟ್ಟಿದರೆ ಬೊಜ್ಜು. ಅಮೆರಿಕದಲ್ಲಿ ಅದುವರೆಗೆ ಗಂಡಸರ ಮಿತಿ 27.8, ಹೆಂಗಸರದು 27.3 ಇತ್ತು. 1998ರಲ್ಲಿ ಅಲ್ಲೂ 25ಕ್ಕೆ ಇಳಿಸಿದರು. ಒಂದು ಗ್ರಾಂ ಕೂಡ ದಪ್ಪ ಆಗದೆ ಕೋಟಿಗಟ್ಟಲೆ ಅಮೆರಿಕನ್ನರು ಒಂದೇ ದಿನದಲ್ಲಿ 'ಜಾಸ್ತಿ ತೂಕ'ದವರಾದರು.

ನಮ್ಮ ಕಡೆ ಕಥೆ ಬೇರೆಯೇ ಇತ್ತು. ಬಿಎಂಐ 22, 23 ಇದ್ದವರಿಗೂ ಇಲ್ಲಿ ಸಕ್ಕರೆ ಕಾಯಿಲೆ ಬರುತ್ತಿತ್ತು, ಹೃದಯಾಘಾತ ಆಗುತ್ತಿತ್ತು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿಕೊಟ್ಟರು. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಅಳೆದರೆ ಯುಡ್ಕಿನ್ ಮೈಯಲ್ಲಿ ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನೋಡಲು ಸಣಕಲು, ಒಳಗೆ ಕೊಬ್ಬು. ತಕ್ಕಡಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗುವುದಿಲ್ಲ.

ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಅನ್ನುವುದಕ್ಕೂ ಆಧಾರ ಇದೆ. ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿತು. ನಮ್ಮ ಮಕ್ಕಳ ಸರಾಸರಿ ತೂಕ 2.7 ಕೆಜಿ, ಅವರದು 3.5. ಕಡಿಮೆಯಾಗಿದ್ದು ಹೆಚ್ಚಾಗಿ ಮಾಂಸಖಂಡ ಮತ್ತು ಒಳಗಿನ ಅಂಗಗಳು, ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ದೊಡ್ಡ ಪಾಲಿದೆ. ಮಿಷನ್ ಆಸ್ಪತ್ರೆ ಅಂತ ಊರವರು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಹಳೇ ದಾಖಲೆ ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ ಇತ್ತು. 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ತಾಯಿಯೂ ಸೊರಗಿದ್ದ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚಿತ್ತು. ಆ ತೂಕಗಳನ್ನು ಶ್ರದ್ಧೆಯಿಂದ ಬರೆದಿಟ್ಟ ಸೂಲಗಿತ್ತಿ ನರ್ಸ್‌ಗಳಿಗೆ ನಾವು ಋಣಿಗಳು.

ಇಂಥದ್ದೆಲ್ಲ ಸೇರಿ ಮಿತಿ ಬದಲಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹಳೇ ಗೆರೆಗಳನ್ನು ಹಾಗೇ ಬಿಟ್ಟು, ಏಷ್ಯಾದವರು 23ಕ್ಕೇ ಎಚ್ಚರ ವಹಿಸಲಿ ಅಂದರು. ಭಾರತದ ವೈದ್ಯರು 2009ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು: 23 ಮುಟ್ಟಿದರೆ ಜಾಸ್ತಿ ತೂಕ, 25 ಮುಟ್ಟಿದರೆ ಬೊಜ್ಜು. ಜೊತೆಗೆ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು ಅಂದರು. 2025ರ ಜನವರಿಯಲ್ಲಿ ಬಂದ ಅಂತರರಾಷ್ಟ್ರೀಯ ತಜ್ಞರ ವರದಿಯೂ ಬಿಎಂಐ ಒಂದನ್ನೇ ನೋಡಿ ಬೊಜ್ಜು ಅಂತ ಹೇಳಬೇಡಿ ಅಂತಲೇ ಹೇಳಿದೆ.

2020ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತದ ಗಂಡಸಿಗೆ 65 ಕೆಜಿ, ಹೆಂಗಸಿಗೆ 55 ಕೆಜಿ ಅಂದದ್ದು ನೆನಪಿರಬಹುದು. ಎಲ್ಲರೂ ಅಷ್ಟೇ ಇರಬೇಕು ಅಂತ ಅದರ ಅರ್ಥವಲ್ಲ. ದಿನಕ್ಕೆ ಎಷ್ಟು ಪ್ರೋಟೀನ್, ಎಷ್ಟು ಕಬ್ಬಿಣ ಬೇಕು ಅಂತ ಲೆಕ್ಕ ಹಾಕಲು ಇಟ್ಟುಕೊಂಡ ಮಾದರಿ ಅದು. ಆ ಗಂಡಸಿನ ಎತ್ತರ 177 ಸೆಂ.ಮೀ., ಹೆಂಗಸಿನದು 162.

ಹಾಗಾದರೆ ಮನೆಯಲ್ಲಿ ಲೆಕ್ಕ ಹಾಕುವುದು ಹೇಗೆ? ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ. ಐದಡಿ ಎರಡಿಂಚು ಅಂದರೆ 1.575, ವರ್ಗ ಸುಮಾರು 2.48. ಅದನ್ನು 18.5ರಿಂದ ಗುಣಿಸಿದರೆ ಕೆಳಗಿನ ಮಿತಿ, 23ರಿಂದ ಗುಣಿಸಿದರೆ ಮೇಲಿನ ಮಿತಿ. ಬರುವುದು 46ರಿಂದ 57 ಕೆಜಿ, ಅಂದರೆ ಹನ್ನೊಂದು ಕೆಜಿಯ ಜಾಗ. ಅದರಲ್ಲಿ ಎಲ್ಲಿದ್ದರೂ ತೊಂದರೆಯಿಲ್ಲ. ಗರ್ಭಿಣಿಯರಿಗೆ, ಹದಿನೆಂಟು ತುಂಬದವರಿಗೆ ಈ ಲೆಕ್ಕ ಬೇಡ. ಕಸರತ್ತು ಮಾಡಿ ಮೈ ಬೆಳೆಸಿದವರಿಗೂ ಹೊಂದುವುದಿಲ್ಲ. ವಯಸ್ಸಾದವರಲ್ಲಿ ಮಾಂಸಖಂಡ ಕರಗುವುದರಿಂದ ತೂಕ ಕಡಿಮೆಯಾದಷ್ಟೂ ಒಳ್ಳೇದು ಅನ್ನುವ ಹಾಗಿಲ್ಲ. ಪ್ರಯತ್ನ ಪಡದೆ ಸುಮ್ನೆ ತೂಕ ಇಳಿಯುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಆಮೇಲೆ ಟೇಪ್ ಹಿಡಿಯಿರಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. "ನಂದು 34 ಸೈಜ್ ಪ್ಯಾಂಟು" ಅನ್ನುವುದು ಹೊಟ್ಟೆಯ ಅಳತೆಯಲ್ಲ. ಹೊಟ್ಟೆ ಬಂದವರು ಬೆಲ್ಟನ್ನು ಅದರ ಕೆಳಗೆ ಕಟ್ಟುತ್ತಾರೆ. ಟೇಪ್ ಇಡಬೇಕಾದದ್ದು ಕಡೇ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ. ನೇರ ನಿಂತು, ಮಾಮೂಲಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ನೋಡಬೇಕು. ಟೇಪ್ ಮೈಗೆ ತಾಗಿರಲಿ, ಒತ್ತದಿರಲಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಿಂದ ಇನ್ನೂ ಸುಲಭದ ಲೆಕ್ಕ ಹೇಳುತ್ತಿದೆ: ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಐದಡಿ ಎರಡಿಂಚು ಅಂದರೆ 62 ಇಂಚು, ಅರ್ಧ 31.

ಎರಡು ಅಂಚಿನ ಜನರೂ ಕರ್ನಾಟಕದಲ್ಲಿ ಒಟ್ಟಿಗೇ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನರ ಬಿಎಂಐ 25 ಅಥವಾ ಹೆಚ್ಚು, ಸುಮಾರು 17 ಜನರದು 18.5ಕ್ಕಿಂತ ಕಡಿಮೆ. ಸೊರಗಿದ ಹುಡುಗಿ ನಾಳೆ ತಾಯಿಯಾಗುತ್ತಾಳೆ. ಮೈಸೂರಿನ ದಾಖಲೆಗಳು ತೋರಿಸಿದ ದಾರಿ ಅಲ್ಲಿಂದಲೇ ಶುರುವಾಗುವುದು. ಹಾಗಾಗಿ ತೂಕ ಇಳಿಸುವ ಮಾತಿನಷ್ಟೇ ಜೋರಾಗಿ ಇವರ ಊಟದ ಮಾತೂ ಆಗಬೇಕು.

ಸರ್ಕಾರದ ಒಂದು ಫಾರಂ ಮಾತ್ರ ಈ ವಿಷಯದಲ್ಲಿ ಸರಿಯಾಗಿದೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಮುಂತಾದ ಕಾಯಿಲೆಗಳ ಅಪಾಯ ಎಷ್ಟು ಅಂತ ನೋಡಲು ಆಶಾ ಕಾರ್ಯಕರ್ತೆಯರು ಮನೆಗೆ ತರುವ ಫಾರಂ ಅದು. ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆಯವರ ಕಾಯಿಲೆ, ಇವುಗಳ ಜೊತೆ ಹೊಟ್ಟೆಯ ಸುತ್ತಳತೆಗೂ ಅಂಕ ಇದೆ. ಹೆಂಗಸರಿಗೆ 80 ದಾಟಿದರೆ, ಗಂಡಸರಿಗೆ 90 ದಾಟಿದರೆ ಒಂದು ಅಂಕ. ಇನ್ನೂ ಹತ್ತು ಸೆಂ.ಮೀ. ಮೀರಿದರೆ ಎರಡು. ಒಟ್ಟು ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುತ್ತಾರೆ. ಆಶಾ ಮನೆಗೆ ಬಂದಾಗ ನಾಚಿಕೊಳ್ಳದೆ ಅಳತೆ ಕೊಡಿ.